ಮದುವೆ ಚಪ್ಪರದಲ್ಲಿ ನಿಂತು ಹೇಳಿದ ‘ಓಕೆ’

ನಮ್ಮ ಅಡಕೆ ಹಾಳೆಯ ತಟ್ಟೆ ಮಾಡುವ ಘಟಕ ಇರುವುದು ಸಾಗರ ತಾಲ್ಲೂಕಿನಲ್ಲಿ, ತೋಟದ ಅಂಚಿಗೆ, ಮೊದಲು ಅಡಕೆ ಬೇಯಿಸುತ್ತಿದ್ದ ಮನೆಯಲ್ಲಿ. ಆರು ಪ್ರೆಸ್ ಯಂತ್ರಗಳು, ಹನ್ನೊಂದು ಮಂದಿ ಹೆಂಗಸರು, ಒಂದು ಡ್ರೈಯರ್. ಬೇಸಿಗೆಯಲ್ಲಿ ಉದುರಿದ ಹಾಳೆಯನ್ನು ಸುತ್ತಲಿನ ತೋಟಗಳಿಂದ ಕೊಂಡು, ಒಣಗಿಸಿ, ಜೂನ್ ಮಳೆಗೆ ಮುಂಚೆ ಅಟ್ಟಕ್ಕೆ ಏರಿಸಿಬಿಟ್ಟರೆ ವರ್ಷವಿಡೀ ಕೆಲಸ. ಒಳಗೆ ತೇವ ಸ್ವಲ್ಪ ಉಳಿದರೂ ಜರ್ಮನಿ ತಲುಪುವಷ್ಟರಲ್ಲಿ ತಟ್ಟೆಗೆ ಬೂಷ್ಟು ಹಿಡಿದಿರುತ್ತದೆ. ಹಾಗಾಗಿ ಬೂಷ್ಟಿಗೆ ಹೆದರಿದಷ್ಟು ನಾನು ಬೇರೆ ಯಾವುದಕ್ಕೂ ಹೆದರಿದವನಲ್ಲ. ಆದರೆ ಇಷ್ಟು ವರ್ಷಗಳಲ್ಲಿ ಬೂಷ್ಟಿನಿಂದ ಕಳೆದುಕೊಂಡದ್ದಕ್ಕಿಂತ ಹೆಚ್ಚು ಹಣವನ್ನು ಒಂದು ಕಾಗದದ ಒಂದು ಅಕ್ಷರದಿಂದ ಕಳೆದುಕೊಂಡೆ.

ಬಂದರು ನನ್ನ ಕಣ್ಣಿಗೆ ಬೀಳುವ ಜಾಗವಲ್ಲ. ಕರಾವಳಿಗೆ ಇಳಿಯುವ ಆಗುಂಬೆಯ ತಿರುವುಗಳಲ್ಲಿ ಕಂಟೇನರ್ ಲಾರಿ ಇಳಿಯುವಂತಿಲ್ಲ. ಪೆಟ್ಟಿಗೆಗಳು ಸುತ್ತುದಾರಿಯಲ್ಲಿ ಹೋಗುತ್ತವೆ, ನಾನು ಮನೆಯಲ್ಲಿ ಉಳಿಯುತ್ತೇನೆ. ಅಲ್ಲಿ ನನ್ನ ಪರವಾಗಿ ಓಡಾಡುವವರು ಸಿಎಚ್‌ಎ, ಅಂದರೆ ಕಸ್ಟಮ್ಸ್ ಏಜೆಂಟರು. ಇನ್‌ವಾಯ್ಸ್ ಮತ್ತು ಪ್ಯಾಕಿಂಗ್ ಲಿಸ್ಟನ್ನು ಮೇಲ್ ಮಾಡಿದರೆ ಅದರ ಆಧಾರದ ಮೇಲೆ ಅವರು ಶಿಪ್ಪಿಂಗ್ ಬಿಲ್, ಅಂದರೆ ಕಸ್ಟಮ್ಸ್‌ಗೆ ಸಲ್ಲಿಸುವ ರಫ್ತಿನ ಘೋಷಣೆ, ತಯಾರಿಸುತ್ತಾರೆ. ಸಲ್ಲಿಸುವ ಮೊದಲು ನಾಲ್ಕೈದು ಪುಟಗಳ ಚೆಕ್‌ಲಿಸ್ಟ್ ಕಳುಹಿಸುತ್ತಾರೆ. ನಾವು ಓದಿ ಸರಿ ಎಂದ ಮೇಲೆಯೇ ಅದು ಕಸ್ಟಮ್ಸ್‌ನ ಗಣಕಯಂತ್ರಕ್ಕೆ ಹೋಗುತ್ತದೆ. ಓದಿ ಎಂಬ ಮಾತನ್ನು ಗಮನಿಸಬೇಕು.

2018ರ ನವೆಂಬರ್‌ನಲ್ಲಿ ತೀರ್ಥಹಳ್ಳಿಯಲ್ಲಿ ತಂಗಿಯ ಮಗಳ ಮದುವೆ. ಚಪ್ಪರದಡಿ ನಿಂತಿದ್ದಾಗ ಏಜೆಂಟರ ಕಚೇರಿಯ ಹುಡುಗನ ಫೋನ್ ಬಂತು. “ಸರ್, ಚೆಕ್‌ಲಿಸ್ಟ್ ಕಳುಹಿಸಿದ್ದೇನೆ. ಇವತ್ತೇ ಫೈಲ್ ಆಗಬೇಕು, ಒಮ್ಮೆ ನೋಡಿ ಓಕೆ ಹೇಳಿಬಿಡಿ.” ಮೊಬೈಲಿನಲ್ಲಿ ತೂಕ ನೋಡಿದೆ, ಪೆಟ್ಟಿಗೆಗಳ ಸಂಖ್ಯೆ ನೋಡಿದೆ, ಕೊಳ್ಳುವವರ ವಿಳಾಸ ಮತ್ತು ದರ ನೋಡಿದೆ. ಅಷ್ಟರಲ್ಲಿ “ಭಾವ, ಪಂಕ್ತಿಗೆ ಎಲೆ ಹಾಕಿದೆ” ಎಂದು ಯಾರೋ ಕರೆದರು. ಓಕೆ ಎಂದು ಬರೆದು ಕಳುಹಿಸಿ ಊಟಕ್ಕೆ ಕುಳಿತೆ. (ಬಾಳೆ ಎಲೆಯ ಊಟ. ಜರ್ಮನಿಯವರು ಕೊಳ್ಳುವ ನನ್ನ ತಟ್ಟೆಯನ್ನು ನಮ್ಮ ನೆಂಟರು ಕೊಳ್ಳುವುದಿಲ್ಲ.)

ಮೂರನೆಯ ಪುಟದಲ್ಲಿ ಸರಕಿನ ವಿವರದ ಪಕ್ಕ ‘ರಿವಾರ್ಡ್’ ಎಂಬ ಸಣ್ಣ ಕಾಲಂ ಇತ್ತು. ಅಲ್ಲಿ ‘ವೈ’ (ಹೌದು) ಎಂದಿರಬೇಕಿತ್ತು, ‘ಎನ್’ (ಇಲ್ಲ) ಎಂದಿತ್ತು.

ಆ ಕಾಲಂ ಎಂಇಐಎಸ್‌ಗೆ ಸಂಬಂಧಿಸಿದ್ದು. 2015ರ ಏಪ್ರಿಲ್‌ನಿಂದ 2020ರ ಡಿಸೆಂಬರ್‌ವರೆಗೆ ನಡೆದ ಕೇಂದ್ರದ ರಫ್ತು ಪ್ರೋತ್ಸಾಹ ಯೋಜನೆ ಅದು. ರಫ್ತಾದ ಸರಕಿನ ಮೌಲ್ಯದ ಇಂತಿಷ್ಟು ಶೇಕಡಾ ಭಾಗವನ್ನು ಡಿಜಿಎಫ್‌ಟಿ, ಅಂದರೆ ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದವರು ಸ್ಕ್ರಿಪ್ ರೂಪದಲ್ಲಿ ಕೊಡುತ್ತಿದ್ದರು. ಸ್ಕ್ರಿಪ್ ಎಂದರೆ ಆಮದು ಸುಂಕ ಕಟ್ಟಲು ಬಳಸಬಹುದಾದ ಜಮೆ ಚೀಟಿ. ನಮ್ಮಂಥ ಸಣ್ಣವರು ಏನನ್ನೂ ಆಮದು ಮಾಡಿಕೊಳ್ಳುವುದಿಲ್ಲವಾದ್ದರಿಂದ ಸ್ವಲ್ಪ ಕಡಿಮೆ ಬೆಲೆಗೆ ಯಾರಾದರೂ ಆಮದುದಾರರಿಗೆ ಅದನ್ನು ಮಾರುತ್ತಿದ್ದೆವು. ಹಾಳೆ, ವಿದ್ಯುತ್, ಕೂಲಿ, ಲಾರಿ ಬಾಡಿಗೆ ಕಳೆದರೆ ಈ ಕಸುಬಿನಲ್ಲಿ ಉಳಿಯುವುದು ಬಹಳ ತೆಳುವಾದ ಲಾಭ. ಕೆಲವು ಕಂಟೇನರ್‌ಗಳಲ್ಲಿ ನನ್ನ ಲಾಭವೆಂದರೆ ಆ ಚೀಟಿಯೇ.

ಏಜೆಂಟರ ಕಚೇರಿಯಲ್ಲಿ ಪ್ರತಿ ಬಿಲ್ಲನ್ನೂ ಹೊಸದಾಗಿ ಬರೆಯುವುದಿಲ್ಲ. ಹಳೆಯ ಫೈಲನ್ನು ನಕಲು ಮಾಡಿ ತೂಕ, ದಿನಾಂಕ, ಸಂಖ್ಯೆಗಳನ್ನು ಬದಲಾಯಿಸುತ್ತಾರೆ. ನಾನು ಆ ವರ್ಷವಷ್ಟೇ ಏಜೆಂಟರನ್ನು ಬದಲಾಯಿಸಿದ್ದೆ. ಮೊದಲ ಬಿಲ್ಲಿಗೆ ಅವರು ಬೇರೆ ಯಾರದೋ ಫೈಲನ್ನು ಅಚ್ಚಾಗಿ ಇಟ್ಟುಕೊಂಡಿದ್ದರು, ಮುಂದಿನ ನಾಲ್ಕಕ್ಕೆ ನನ್ನ ಮೊದಲ ಬಿಲ್ಲೇ ಅಚ್ಚಾಯಿತು. 2019ರ ಏಪ್ರಿಲ್ ಹೊತ್ತಿಗೆ ಐದು ಕಂಟೇನರ್‌ಗಳು ‘ಎನ್’ ಹೊತ್ತು ಹೋಗಿದ್ದವು. ಐದಕ್ಕೂ ಓಕೆ ಎಂದವನು ನಾನೇ.

ಗೊತ್ತಾದದ್ದು ಸೆಪ್ಟೆಂಬರ್‌ನಲ್ಲಿ, ಸ್ಕ್ರಿಪ್‌ಗೆ ಅರ್ಜಿ ಹಾಕಲು ಕುಳಿತಾಗ. ಪರದೆಯ ಮೇಲೆ ಆ ಐದು ಬಿಲ್ಲುಗಳು ಬರಲೇ ಇಲ್ಲ. ಲೆಕ್ಕ ಹಾಕಿದರೆ ಒಟ್ಟು 1,68,000 ರೂಪಾಯಿ. ಏಜೆಂಟರು ಫೋನಿನಲ್ಲಿ ಬಹಳ ನೊಂದುಕೊಂಡರು, ಹಣದ ಮಾತು ಬಂದಾಗ ಮಾತ್ರ “ಚೆಕ್‌ಲಿಸ್ಟ್ ನೀವೇ ಒಪ್ಪಿದ್ದಲ್ಲವೇ ಸರ್” ಎಂದರು. ಸಿಟ್ಟು ಬಂದರೂ ಆ ಮಾತು ಸುಳ್ಳೆನ್ನುವಂತಿರಲಿಲ್ಲ.

ಬಿಲ್ಲು ತಿದ್ದಲು ಕಸ್ಟಮ್ಸ್‌ಗೆ ಮೊದಲ ಅರ್ಜಿಯನ್ನು ನಾನೇ ಬರೆದೆ. ಒಂದು ಪುಟ. ಕಣ್ತಪ್ಪಿನಿಂದ ಆಗಿದೆ, ನಾವು ಸಣ್ಣ ಘಟಕ, ಹಳ್ಳಿಯ ಹೆಂಗಸರಿಗೆ ಕೆಲಸ ಕೊಟ್ಟಿದ್ದೇವೆ, ದಯವಿಟ್ಟು ತಿದ್ದಿಕೊಡಬೇಕು. ಮೂರು ತಿಂಗಳ ನಂತರ ಉತ್ತರ ಬಂತು. 2010ರ ಸುತ್ತೋಲೆಯೊಂದನ್ನು ಉಲ್ಲೇಖಿಸಿ, ಇಂಥ ಬದಲಾವಣೆಯನ್ನು ಸರಕು ಹೊರಟ ಮೂರು ತಿಂಗಳೊಳಗೆ ಕೇಳಬೇಕಿತ್ತು ಎಂದು ತಿರಸ್ಕರಿಸಿದ್ದರು.

ಆ ಪತ್ರವನ್ನು ಹಿಡಿದು ಬೆಂಗಳೂರಿನ ವಕೀಲರೊಬ್ಬರನ್ನು ಕಂಡೆ. ಅವರು ನನ್ನ ಅರ್ಜಿ ಓದಿ ನಕ್ಕರು. “ನೀವು ಕ್ಷಮೆ ಕೇಳಿದ್ದೀರಿ, ತಿದ್ದುಪಡಿ ಕೇಳಿಲ್ಲ” ಎಂದರು. ಕೊಟ್ಟ ಶುಲ್ಕಕ್ಕೆ ಆ ಒಂದು ಮಾತೇ ಸಾಕಾಯಿತು.

ತಿದ್ದುಪಡಿ ಕೇಳುವುದು ಹೇಗೆಂದು ನಾನು ಕಲಿತದ್ದು ಹೀಗೆ. 1962ರ ಕಸ್ಟಮ್ಸ್ ಕಾಯ್ದೆಯ 149ನೆಯ ಕಲಂ ಸಲ್ಲಿಸಿದ ದಾಖಲೆಯನ್ನು ತಿದ್ದಲು ಅವಕಾಶ ಕೊಡುತ್ತದೆ. ಸರಕು ರಫ್ತಾದ ಮೇಲೂ ಕೊಡುತ್ತದೆ, ಆದರೆ ಒಂದು ಷರತ್ತಿನ ಮೇಲೆ: ತಿದ್ದುಪಡಿಗೆ ಆಧಾರವಾದ ದಾಖಲೆ ಸರಕು ರಫ್ತಾಗುವ ಹೊತ್ತಿಗಾಗಲೇ ಇದ್ದಿರಬೇಕು. ಇವತ್ತು ಬರೆದ ಪ್ರಮಾಣಪತ್ರ, ಏಜೆಂಟರ ತಪ್ಪೊಪ್ಪಿಗೆ, ನನ್ನ ಕಣ್ಣೀರು, ಇವು ಯಾವುವೂ ಲೆಕ್ಕಕ್ಕಿಲ್ಲ. ಅಂದು ನನಗೆ ಪ್ರೋತ್ಸಾಹಧನ ಬೇಕಿತ್ತು ಎಂಬುದನ್ನು ಅಂದಿನ ಕಾಗದವೇ ಹೇಳಬೇಕು. ಇದೇ ‘ವೈ’ ಮತ್ತು ‘ಎನ್’ ವಿಷಯದಲ್ಲಿ ಕೇರಳ ಹೈಕೋರ್ಟ್ ಮತ್ತು 2019ರಲ್ಲಿ ಮದ್ರಾಸ್ ಹೈಕೋರ್ಟ್ ರಫ್ತುದಾರರ ಪರ ತೀರ್ಪು ಕೊಟ್ಟಿದ್ದವು. ವಕೀಲರು ಎರಡನ್ನೂ ಮುದ್ರಿಸಿ ಕೊಟ್ಟು, “ಮನೆಗೆ ಹೋಗಿ ಅಂದಿನ ಕಾಗದ ಹುಡುಕಿ” ಎಂದರು.

ಹುಡುಕಿದೆ. ಇನ್‌ವಾಯ್ಸ್‌ನ ಕೊನೆಯಲ್ಲಿ, ಸಹಿಯ ಮೇಲೆ, ಎಂಇಐಎಸ್ ಅಡಿ ಪ್ರೋತ್ಸಾಹಧನ ಪಡೆಯುವ ಉದ್ದೇಶ ನಮಗಿದೆ ಎಂಬ ಒಂದು ಸಾಲಿತ್ತು. ಹಳೆಯ ಏಜೆಂಟರು ಎಂದೋ ಹೇಳಿ ಸೇರಿಸಿದ್ದ ಸಾಲು. ನಮ್ಮ ಲೆಕ್ಕ ಬರೆಯುವ ಹುಡುಗಿ ಅದನ್ನು ಅರ್ಥ ಕೇಳದೆ ಪ್ರತಿ ಸಲವೂ ಉಳಿಸಿಕೊಂಡು ಬಂದಿದ್ದಳು. ಖುಷಿಯಿಂದ ಒಂದು, ಎರಡು, ಮೂರು ಎಂದು ಎಣಿಸಿದೆ. ನಾಲ್ಕನೆಯದರಲ್ಲಿ ಆ ಸಾಲು ಇರಲಿಲ್ಲ, ಐದನೆಯದರಲ್ಲೂ ಇರಲಿಲ್ಲ. 2019ರ ಮಾರ್ಚ್‌ನಲ್ಲಿ ಹೊಸ ಲಾಂಛನ ಮಾಡಿಸಿದ್ದೆ. ಇನ್‌ವಾಯ್ಸ್ ಚೆಂದ ಕಾಣಲಿ ಎಂದು ಕೆಳಗಿನ ‘ಅನಗತ್ಯ’ ಸಾಲುಗಳನ್ನು ಒಂದು ಭಾನುವಾರ ಕುಳಿತು ನಾನೇ ಅಳಿಸಿದ್ದೆ.

ಎರಡನೆಯ ಅರ್ಜಿಯಲ್ಲಿ ಘಟಕದ ಕಷ್ಟದ ಬಗ್ಗೆ ಒಂದು ಮಾತೂ ಇರಲಿಲ್ಲ. ಪ್ರತಿ ಬಿಲ್ಲಿಗೂ ಪ್ರತ್ಯೇಕ ಕಡತ ಮಾಡಿದೆ. ಬಿಲ್, ಇನ್‌ವಾಯ್ಸ್, ಹಣ ಬಂದ ಬಗ್ಗೆ ಬ್ಯಾಂಕಿನ ಪ್ರಮಾಣಪತ್ರ, ಹಿಂದಿನ ವರ್ಷ ಇದೇ ಸರಕಿಗೆ ‘ವೈ’ ಎಂದು ಸಲ್ಲಿಸಿದ್ದ ಬಿಲ್ಲುಗಳ ಪ್ರತಿ. ಐದಕ್ಕೂ ಅರ್ಜಿ ಹಾಕಿದೆ, ಬರದಿದ್ದರೂ ಕೇಳುವುದರಲ್ಲಿ ನಷ್ಟವಿಲ್ಲ ಎಂದು.

ವಿಚಾರಣೆ ನಡೆದದ್ದು ಕೋವಿಡ್ ಕಾಲದಲ್ಲಿ, ವಿಡಿಯೊ ಮೂಲಕ. ಜುಲೈ ತಿಂಗಳು, ಹೊರಗೆ ಜಡಿಮಳೆ, ಮನೆಯೊಳಗೆ ಸಿಗ್ನಲ್ ಇಲ್ಲ. ಅಡಕೆ ಒಣಗಿಸುವ ಅಂಗಳದ ಮೂಲೆಯಲ್ಲಿ ಎರಡು ಗೆರೆ ಬರುತ್ತದೆ. ಹೆಂಡತಿ ಕೊಡೆ ಹಿಡಿದಳು, ನಾನು ಕೆಳಗೆ ಪಂಚೆ, ಮೇಲೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ಕುರ್ಚಿಯ ಮೇಲೆ ಕುಳಿತೆ. ಅಧಿಕಾರಿ ಕೇಳಿದ ಮುಖ್ಯ ಪ್ರಶ್ನೆ ಒಂದೇ. ಈ ಸಾಲನ್ನು ಆಮೇಲೆ ಸೇರಿಸಿ ಇನ್‌ವಾಯ್ಸ್ ಮತ್ತೆ ಮುದ್ರಿಸಿಲ್ಲ ಎಂಬುದಕ್ಕೆ ಏನು ಆಧಾರ? ಬ್ಯಾಂಕಿಗೆ ಆಗಲೇ ಸಲ್ಲಿಸಿ ಮೊಹರು ಹಾಕಿಸಿಕೊಂಡ ಪ್ರತಿಯನ್ನು ಕ್ಯಾಮೆರಾಕ್ಕೆ ಹಿಡಿದೆ. ಮೊಹರಿನಲ್ಲಿ ದಿನಾಂಕವಿತ್ತು. ಆ ಪ್ರತಿ ಉಳಿದಿದ್ದು ಜಾಣತನದಿಂದಲ್ಲ, ಕಾಗದ ಎಸೆಯಲು ಬಾರದ ನಮ್ಮ ಮನೆತನದ ರೋಗದಿಂದ.

2021ರ ಆರಂಭದಲ್ಲಿ ಮೂರು ಬಿಲ್ಲುಗಳಿಗೆ ತಿದ್ದುಪಡಿ ಸಿಕ್ಕಿತು, ಎರಡು ಬಿದ್ದುಹೋದವು. ಕಥೆ ಅಲ್ಲಿಗೆ ಮುಗಿಯಲಿಲ್ಲ. ತಿದ್ದಿದವರು ಕಸ್ಟಮ್ಸ್, ಹಣ ಕೊಡಬೇಕಾದದ್ದು ಡಿಜಿಎಫ್‌ಟಿ. ತಿದ್ದುಪಡಿ ಆದದ್ದು ಕಾಗದದ ಮೇಲೆ, ಅರ್ಜಿಯ ಪರದೆಯಲ್ಲಿ ಇನ್ನೂ ‘ಎನ್’ ಕುಳಿತಿತ್ತು. ತಿದ್ದುಪಡಿಯ ಪ್ರಮಾಣಪತ್ರ ಲಗತ್ತಿಸಿ ಮನವಿ, ನೆನಪೋಲೆ, ಮತ್ತೊಂದು ನೆನಪೋಲೆ. ಎಂಇಐಎಸ್ ಅರ್ಜಿಗಳಿಗೆ 2021ರ ಡಿಸೆಂಬರ್ 31 ಕೊನೆಯ ದಿನ ಎಂದು ಪ್ರಕಟವಾದಾಗ ನಿಜಕ್ಕೂ ನಿದ್ದೆ ಬಿಟ್ಟೆ. ಕೊನೆಗೆ ಸ್ಕ್ರಿಪ್ ಬಂತು. ತಡವಾದದ್ದಕ್ಕೆ ಕಡಿತ, ವಕೀಲರ ಶುಲ್ಕ, ಓಡಾಟ ಎಲ್ಲ ಕಳೆದು ಕೈಗೆ ಹತ್ತಿದ್ದು ಅರವತ್ತು ಸಾವಿರದ ಸಮೀಪ.

ಎಂಇಐಎಸ್ ಹೋಗಿ 2021ರ ಜನವರಿ 1ರಿಂದ ರೊಡ್‌ಟೆಪ್ ಬಂದಿದೆ, ರಫ್ತು ಸರಕಿನ ಮೇಲೆ ಬಿದ್ದ ಸುಂಕ-ತೆರಿಗೆಗಳನ್ನು ಮರಳಿಸುವ ಯೋಜನೆ. ಕಾಲಂ ಬದಲಾಗಿದೆ, ಅಪಾಯ ಬದಲಾಗಿಲ್ಲ. ಪ್ರತಿ ಸರಕಿನ ಸಾಲಿಗೂ ‘ರೊಡ್‌ಟೆಪ್‌ವೈ’ ಅಥವಾ ‘ರೊಡ್‌ಟೆಪ್‌ಎನ್’ ಎಂದು ಘೋಷಿಸಬೇಕು. ಹಡಗಿನ ಕಡೆಯಿಂದ ಇಜಿಎಂ, ಅಂದರೆ ಹೊತ್ತು ಹೊರಟ ಸರಕಿನ ಪಟ್ಟಿ, ಸಲ್ಲಿಕೆಯಾದ ಮೇಲೆ ಅದನ್ನು ಬದಲಾಯಿಸಲು ಗಣಕಯಂತ್ರ ಬಿಡುವುದಿಲ್ಲ. ಒಂದೇ ಬಿಲ್ಲಿನಲ್ಲಿ ತಟ್ಟೆ, ಬಟ್ಟಲು, ಚಮಚ ಎಂದು ಮೂರು ಸಾಲಿದ್ದರೆ ಮೂರನ್ನೂ ನೋಡಬೇಕು. ಮೊದಲ ಸಾಲು ಸರಿಯಿದೆ ಎಂದು ನಂಬಿ ಕೆಳಗಿನದನ್ನು ಬಿಟ್ಟವರು ನನ್ನ ಪರಿಚಯದಲ್ಲೇ ಇಬ್ಬರಿದ್ದಾರೆ.

ಬೇರೆ ಸಣ್ಣ ಪೆಟ್ಟುಗಳನ್ನೂ ತಿಂದಿದ್ದೇನೆ. ಜಿಎಸ್‌ಟಿ ರಿಟರ್ನ್‌ನಲ್ಲಿ ಇನ್‌ವಾಯ್ಸ್ ಸಂಖ್ಯೆ 018, ಶಿಪ್ಪಿಂಗ್ ಬಿಲ್ಲಿನಲ್ಲಿ 18. ಆ ಸೊನ್ನೆಗಾಗಿ ಐಜಿಎಸ್‌ಟಿ ಮರುಪಾವತಿ ಎಸ್‌ಬಿ005 ಎಂಬ ದೋಷ ತೋರಿಸಿ ನಿಂತಿತು. ಬ್ಯಾಂಕ್ ವಿಲೀನವಾಗಿ ಐಎಫ್‌ಎಸ್‌ಸಿ ಬದಲಾದಾಗ ಕಸ್ಟಮ್ಸ್‌ನಲ್ಲಿ ಬದಲಾಯಿಸಲು ಮರೆತು, ರಫ್ತಿನ ಮೇಲೆ ಮರಳಿ ಬರುವ ಸುಂಕದ (ಡ್ರಾಬ್ಯಾಕ್) ಹಣ ಎರಡು ತಿಂಗಳು ತೂಗಾಡಿತು. ಐಇಸಿ, ಅಂದರೆ ಆಮದು-ರಫ್ತುದಾರರ ಸಂಕೇತ ಸಂಖ್ಯೆಯ ವಿವರವನ್ನು ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಖಾತ್ರಿಪಡಿಸದಿದ್ದರೆ ಅದು ನಿಷ್ಕ್ರಿಯವಾಗುತ್ತದೆ. ಹಾಗಾಗಿ ಹಾಳೆ ಅಟ್ಟಕ್ಕೇರಿಸುವ ವಾರವೇ ಅದನ್ನೂ ಮುಗಿಸುತ್ತೇನೆ.

ಈಗ ಚೆಕ್‌ಲಿಸ್ಟನ್ನು ಮೊಬೈಲಿನಲ್ಲಿ ನೋಡುವುದಿಲ್ಲ. ಮುದ್ರಿಸುತ್ತೇವೆ. ಲೆಕ್ಕದ ಹುಡುಗಿ ಇನ್‌ವಾಯ್ಸ್ ಹಿಡಿದು ಗಟ್ಟಿಯಾಗಿ ಓದುತ್ತಾಳೆ, ನಾನು ಚೆಕ್‌ಲಿಸ್ಟ್ ಮೇಲೆ ಪೆನ್ಸಿಲ್ ಗೆರೆ ಎಳೆಯುತ್ತೇನೆ. ಪ್ರೆಸ್ ಹತ್ತಿರದ ಹೆಂಗಸರು ಇದನ್ನು ‘ಪಾರಾಯಣ’ ಎನ್ನುತ್ತಾರೆ. ಇಪ್ಪತ್ತು ನಿಮಿಷದ ಕೆಲಸ. ಇನ್‌ವಾಯ್ಸ್‌ನ ಕೊನೆಯ ಸಾಲು ಮತ್ತೆ ಬಂದಿದೆ, ಈಗ ರೊಡ್‌ಟೆಪ್ ಹೆಸರಿನಲ್ಲಿ. ಪುಟದ ಅಂದ ಅಷ್ಟರ ಮಟ್ಟಿಗೆ ಕೆಟ್ಟಿದೆ. ಓಕೆ ಎಂಬ ಪದವನ್ನು ಕೈಬಿಟ್ಟಿದ್ದೇನೆ. “ರೊಡ್‌ಟೆಪ್ ವೈ, ಮೂರೂ ಸಾಲು, ಇನ್‌ವಾಯ್ಸ್ 031 ನೋಡಿದ್ದೇನೆ” ಎಂದು ಮೇಲ್ ಬರೆಯುತ್ತೇನೆ. ಮುಂದೆ ಏಜೆಂಟರು ತಪ್ಪು ಒತ್ತಿದರೂ ಆ ಮೇಲ್ ಅಂದಿನ ದಾಖಲೆಯಾಗಿ ಉಳಿಯುತ್ತದೆ.

2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥದೇ ಒಂದು ಪ್ರಕರಣದಲ್ಲಿ, ಕಣ್ತಪ್ಪಿನಿಂದ ‘ಇಲ್ಲ’ ಎಂದು ಗುರುತಾದದ್ದಕ್ಕಾಗಿ ಅರ್ಹ ರಫ್ತುದಾರರಿಗೆ ಎಂಇಐಎಸ್ ಲಾಭ ತಪ್ಪಿಸಬಾರದೆಂದು ಹೇಳಿತು. ಸುದ್ದಿ ಓದಿದ ದಿನ ವಕೀಲರಿಗೆ ಫೋನ್ ಮಾಡಿ ನನ್ನ ಆ ಎರಡು ಬಿಲ್ಲುಗಳ ಗತಿ ಕೇಳಿದೆ. “ಅಂದಿನ ಕಾಗದ ಏನಾದರೂ ಸಿಕ್ಕಿತೇ?” ಎಂದರು. ಇಲ್ಲ ಎಂದೆ. “ಜರ್ಮನಿಯವರಿಗೆ ಬರೆದ ಹಳೆಯ ಮೇಲ್‌ಗಳಲ್ಲಿ ಬೆಲೆಯ ಮಾತಾಡುವಾಗ ಈ ಪ್ರೋತ್ಸಾಹಧನದ ಲೆಕ್ಕ ಎಲ್ಲಾದರೂ ಬಂದಿದೆಯೇ ನೋಡಿ” ಎಂದರು. 2019ರ ಮೇಲ್‌ಗಳನ್ನು ತೆರೆದಿದ್ದೇನೆ. ಫೆಬ್ರವರಿಯ ತನಕ ಓದಿ ಆಗಿದೆ.