ಸ್ಕ್ರಾಲ್ ಲಾಕ್ ಇಲ್ಲದ ಕೀಬೋರ್ಡು

ಗದಗದಲ್ಲಿ ನನ್ನದು ಚಿಕ್ಕ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್ಕು, ಆಗಾಗ ಮಠದ ಪುಸ್ತಕ. ಎಲ್ಲವೂ ಪುಟ ಜೋಡಿಸುವ ಪೇಜ್‌ಮೇಕರ್ 7ರಲ್ಲಿ, ಕನ್ನಡ ಟೈಪಿಸುವ ನುಡಿ ತಂತ್ರಾಂಶದ ಫಾಂಟಿನಲ್ಲಿ, ವಿಂಡೋಸ್ ಎಕ್ಸ್‌ಪಿ ಇದ್ದ ಒಂದೇ ಕಂಪ್ಯೂಟರಿನಲ್ಲಿ. ಎಕ್ಸ್‌ಪಿಗೆ ಅಪ್‌ಡೇಟ್ ಬರುವುದು 2014ರ ಏಪ್ರಿಲ್‌ನಲ್ಲೇ ನಿಂತಿತ್ತು. ಇಂಟರ್ನೆಟ್ ಕೇಬಲ್ ಕಿತ್ತಿಟ್ಟು ಹನ್ನೊಂದು ವರ್ಷ ದುಡಿಸಿಕೊಂಡೆ. ಕೊನೆಗೆ ಮದರ್‌ಬೋರ್ಡಿನ ಕೆಪಾಸಿಟರ್ ಉಬ್ಬಿ ಅದು ಮಲಗಿತು. ಅಷ್ಟರಲ್ಲಿ, 2025ರ ಅಕ್ಟೋಬರ್ 14ಕ್ಕೆ, ಪಕ್ಕದ ವಿಂಡೋಸ್ 10 ಯಂತ್ರದ ಅವಧಿಯೂ ಮುಗಿಯಿತು. ವಿಂಡೋಸ್ 11ರ ಲ್ಯಾಪ್‌ಟಾಪ್ ತಂದೆ.

ಪೇಜ್‌ಮೇಕರ್ ಹಾಕಿ, ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿಯಲ್ಲಿ ಎಕ್ಸ್‌ಪಿ ಆರಿಸಿ, ಅಡ್ಮಿನಿಸ್ಟ್ರೇಟರ್ ಆಗಿ ನಡೆಸಿದೆ. ತೆರೆಯಿತು. ಮಾಸ್ತರೊಬ್ಬರ ಪುಸ್ತಕದ ಫೈಲು ತೆರೆದ ಅಂಗಡಿಯ ಹುಡುಗ ಕೂಗಿದ: "ಅಣ್ಣಾರ, ಮಾಸ್ತರ ಪುಸ್ತಕದಾಗ ಕನ್ನಡನ ಇಲ್ಲರೀ!"

ತಲೆಯ ಮೇಲೆ ಚುಕ್ಕೆ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. ಇದಕ್ಕೆ ಹೆದರಬೇಕಿಲ್ಲ. ಹಳೆಯ ನುಡಿಯ ಫೈಲಿನೊಳಗೆ ಇರುವುದೇ ಇಂಗ್ಲಿಷ್ ಸಂಕೇತ. ಅದರ ಮೇಲೆ ಕನ್ನಡದ ರೂಪ ಕೂರಿಸುವುದು ಫಾಂಟು. ಸತ್ತ ಯಂತ್ರದ ಹಾರ್ಡ್ ಡಿಸ್ಕ್ ಬಿಚ್ಚಿ, ಯುಎಸ್‌ಬಿ ಡಬ್ಬಿಗೆ ಹಾಕಿ, ಅದರಲ್ಲಿದ್ದ ನುಡಿ ಫಾಂಟುಗಳನ್ನೇ ಇನ್‌ಸ್ಟಾಲ್ ಮಾಡಿದೆ. ಕನ್ನಡ ಬಂತು.

ನಿಜವಾದ ಪೇಚಾಟ ಆಮೇಲೆ. ಮಾಸ್ತರ 184 ಪುಟದ ವಚನ ಸಂಗ್ರಹ 187ಕ್ಕೆ ಹೋಗಿ ನಿಂತಿತ್ತು. ಮಾಸ್ತರು ಮೊದಲೇ ಹೇಳಿದ್ದರು, "ಪುಟದ ನಂಬರ್ ಒಂದೂ ತಪ್ಪಬಾರದು ನೋಡ್ರಿ, ಹಿಂದ ಪದಸೂಚಿ ಐತಿ." ಕಾರಣ ಹುಡುಕಲು ಒಂದಿಡೀ ಸಂಜೆ ಹೋಯಿತು. ಪೇಜ್‌ಮೇಕರ್ ಸಾಲು ಮುರಿಯುವುದು ಫೈಲಿಗೆ ಗೊತ್ತುಮಾಡಿದ ಟಾರ್ಗೆಟ್ ಪ್ರಿಂಟರನ್ನು ನೋಡಿಕೊಂಡು. ನಮ್ಮದು ಪೋಸ್ಟ್‌ಸ್ಕ್ರಿಪ್ಟ್ ಎಂಬ ಪುಟ ವಿವರಿಸುವ ಭಾಷೆ ಬಲ್ಲ ಹಳೆಯ ಪ್ರಿಂಟರು, ಗುಜರಿಗೆ ಹೋಗಿ ಎಷ್ಟೋ ವರ್ಷವಾಗಿದೆ. ಹೊಸ ಲ್ಯಾಪ್‌ಟಾಪಿನಲ್ಲಿ ಅದರ ಡ್ರೈವರ್, ಅಂದರೆ ಅದನ್ನು ನಡೆಸುವ ತಂತ್ರಾಂಶ, ಇಲ್ಲ. ಪ್ರಿಂಟರ್ ಬದಲಾದ ಕಾರಣ ಪೇಜ್‌ಮೇಕರ್ ಪಠ್ಯವನ್ನು ಮತ್ತೆ ಜೋಡಿಸಬೇಕೇ ಎಂದು ಕೇಳಿದೆ, ಹುಡುಗ ಓದದೆ ಓಕೆ ಒತ್ತಿದ್ದಾನೆ. ನಾನಾಗಿದ್ದರೂ ಒತ್ತುತ್ತಿದ್ದೆ ಬಿಡಿ.

ಹೊಸದರಲ್ಲಿ ಹಳೆಯದನ್ನು ಒಗ್ಗಿಸುವ ಆಸೆ ಅಲ್ಲಿಗೆ ಬಿಟ್ಟೆ. ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಓಡಿಸುವ ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ 1 ಜಿಬಿ ಮೆಮೊರಿ, 20 ಜಿಬಿ ಡಿಸ್ಕಿನ ಒಂದು ಎಕ್ಸ್‌ಪಿ ಎಬ್ಬಿಸಿದೆ. ನೆಟ್‌ವರ್ಕ್ ಪೂರ್ತಿ ಬಂದ್. ಹೊರಗಿನ ವಿಂಡೋಸ್ ಜೊತೆ ಕೊಟ್ಟು ತೆಗೆದುಕೊಳ್ಳಲು ಒಂದು ಶೇರ್ಡ್ ಫೋಲ್ಡರ್ ಮಾತ್ರ. ಒಳಗೆ ನುಡಿ, ಪೇಜ್‌ಮೇಕರ್, ಆ ಹಳೆ ಪ್ರಿಂಟರಿನ ಡ್ರೈವರ್. ಪ್ರಿಂಟರ್ ಇಲ್ಲದಿದ್ದರೇನು, ಪೋರ್ಟ್ ಕೇಳಿದಾಗ 'ಫೈಲ್' ಎಂದು ಆರಿಸಿದರಾಯಿತು. ಮಾಸ್ತರ ಪುಸ್ತಕದ ಮೂಲ ಪ್ರತಿ ತೆರೆದೆ: 184. ಪ್ರಿಂಟ್ ಕೊಟ್ಟರೆ ಪೋಸ್ಟ್‌ಸ್ಕ್ರಿಪ್ಟ್ ಫೈಲು ಶೇರ್ಡ್ ಫೋಲ್ಡರಿಗೆ ಬೀಳುತ್ತದೆ. ಹೊರಗಡೆ ಘೋಸ್ಟ್‌ಸ್ಕ್ರಿಪ್ಟ್ ಎಂಬ ತಂತ್ರಾಂಶ ಅದನ್ನು ಪಿಡಿಎಫ್ ಮಾಡುತ್ತದೆ. ಮುದ್ರಣದ ಪ್ಲೇಟಿಗೆ ಕಳಿಸುವ ಮುನ್ನ ಪಿಡಿಎಫ್‌ನ ಫಾಂಟ್ ಪಟ್ಟಿಯಲ್ಲಿ ಎಲ್ಲ ನುಡಿ ಫಾಂಟುಗಳೂ ಎಂಬೆಡ್ ಆಗಿವೆಯೇ, ಅಂದರೆ ಫೈಲಿನೊಳಗೇ ಸೇರಿವೆಯೇ ಎಂದು ನೋಡಿಕೊಳ್ಳುತ್ತೇನೆ.

ಡಾಸ್ ಕಾಲದ ನಮ್ಮ ಬಿಲ್ ಪ್ರೋಗ್ರಾಮೂ ಅದೇ ಎಕ್ಸ್‌ಪಿ ಪೆಟ್ಟಿಗೆಯಲ್ಲಿ ಓಡಿತು. ಅದು 16 ಬಿಟ್‌ನದು. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ, 16 ಬಿಟ್ಟಿನದನ್ನು ಅದು ಮುಟ್ಟುವುದಿಲ್ಲ.

ಇನ್ನೊಂದು ಎಡವಟ್ಟು ನಗು ತರಿಸುವಂಥದ್ದು. ನುಡಿಯಲ್ಲಿ ಕನ್ನಡ, ಇಂಗ್ಲಿಷ್ ಬದಲಿಸುವುದು ಸ್ಕ್ರಾಲ್ ಲಾಕ್‌ನಿಂದ. ಲ್ಯಾಪ್‌ಟಾಪಿನಲ್ಲಿ ಆ ಕೀಲಿಯೇ ಇಲ್ಲ! ಅಂಗಡಿಯ ಧೂಳು ಹಿಡಿದ ಹಳೆ ಕೀಬೋರ್ಡನ್ನೇ ಒರೆಸಿ ಸಿಕ್ಕಿಸಿದೆ.

ಪೆಟ್ಟಿಗೆಯ ಪ್ರತಿಯನ್ನು ಎರಡು ಬೇರೆ ಡಿಸ್ಕಿನಲ್ಲಿ ಇಟ್ಟಿದ್ದೇನೆ. ಹೊಸ ಕೆಲಸ ಮಾತ್ರ ಯೂನಿಕೋಡ್‌ನಲ್ಲೇ, ಅಂದರೆ ಕನ್ನಡಕ್ಕೆ ಕನ್ನಡದ್ದೇ ಸಂಕೇತ ಇರುವ ವ್ಯವಸ್ಥೆಯಲ್ಲೇ. ಹಳೆ ಪುಸ್ತಕಗಳನ್ನೂ ಬಿಡುವಾದಾಗ ಪರಿವರ್ತಿಸುತ್ತಿದ್ದೇನೆ, ನಿಧಾನದ ಕೆಲಸ. 'ಧರ್ಮ' ಬರೆಯುವಾಗ ಹಳೆ ಫೈಲಿನಲ್ಲಿ ಅರ್ಕಾವತ್ತು ಕೊನೆಗೆ ಕೂತಿರುತ್ತದೆ, ಯೂನಿಕೋಡ್‌ಗೆ ಅದು 'ಮ'ಕ್ಕಿಂತ ಮೊದಲು ಬೇಕು. ಅಷ್ಟನ್ನು ಪರಿವರ್ತಕ ತಾನೇ ಸರಿಮಾಡುತ್ತದೆ. ನಡುವೆ ಇಂಗ್ಲಿಷ್ ಬಂದರೆ ಅದಕ್ಕೆ ತಿಳಿಯದು. ಮೊನ್ನೆ ಮುನ್ನುಡಿಯ ಕೆಳಗಿದ್ದ ಮಾಸ್ತರ ಇಮೇಲ್ ವಿಳಾಸ ಓದಲಾಗದ ಕನ್ನಡವಾಗಿ ಹೊರಬಂತು. ಈ ಸಲ ಹುಡುಗ ಕೂಗಲಿಲ್ಲ. ಕೆಂಪು ಪೆನ್ನಿನಿಂದ ಗುರುತು ಹಾಕಿ ನನ್ನ ಟೇಬಲ್ಲಿಗೆ ಇಟ್ಟುಹೋದ.