ಗಂಟಲಲ್ಲಿ ನಿಂತ ಮಾತು: ದೇಹದ ಮೂಲಕ ಮಾಡುವ ಮನಶ್ಚಿಕಿತ್ಸೆಯಲ್ಲಿ ನನ್ನ ಅನುಭವ

ಜಯನಗರದ ನನ್ನ ಕೊಠಡಿಗೆ ಐವತ್ತು ದಾಟಿದ ಆ ಮಹಿಳೆ ಬಂದಾಗ ಅವರ ಕೈಯಲ್ಲಿ ದಪ್ಪನೆಯ ಫೈಲೊಂದಿತ್ತು. ಎಂಡೋಸ್ಕೋಪಿ, ಥೈರಾಯ್ಡ್ ಪರೀಕ್ಷೆ, ಕತ್ತಿನ ಸ್ಕ್ಯಾನ್, ಎಲ್ಲವೂ ಸರಿಯಾಗಿಯೇ ಇದ್ದವು. "ಗಂಟಲಲ್ಲಿ ನೆಲ್ಲಿಕಾಯಿಯಷ್ಟು ದಪ್ಪದ್ದೇನೋ ಸಿಕ್ಕಿಕೊಂಡ ಹಾಗಿದೆ ಮೇಡಂ, ನುಂಗಿದ್ರೂ ಇಳಿಯಲ್ಲ, ಉಗುಳಿದ್ರೂ ಬರಲ್ಲ" ಎಂದರು. ಕಿವಿ, ಮೂಗು, ಗಂಟಲಿನ ತಜ್ಞರು ಇದನ್ನು ಗ್ಲೋಬಸ್ (ಗಂಟಲಲ್ಲಿ ಏನೂ ಇಲ್ಲದಿದ್ದರೂ ಗಂಟು ಸಿಕ್ಕಿಕೊಂಡಂತೆ ಅನ್ನಿಸುವುದು) ಎಂದು ಗುರುತಿಸಿ, ಮಾನಸಿಕ ಒತ್ತಡ ಇರಬಹುದು, ಕೌನ್ಸೆಲಿಂಗ್ ಮಾಡಿಸಿ ಎಂದು ಕಳುಹಿಸಿದ್ದರು. ಆ ಮಾತಿನಿಂದ ಆಕೆಗೆ ಸಮಾಧಾನವಾಗುವ ಬದಲು ಅವಮಾನವಾಗಿತ್ತು: "ಹಾಗಾದ್ರೆ ನಾನು ಸುಳ್ಳು ಹೇಳ್ತಿದ್ದೀನಿ ಅಂತಾನಾ?" (ಇಲ್ಲಿ ಬರುವವರೆಲ್ಲರ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ.)

ವೃತ್ತಿಯ ಮೊದಲ ವರ್ಷಗಳಲ್ಲಾಗಿದ್ದರೆ ನಾನು ಆ ಗಂಟಲನ್ನು ಅಲ್ಲಿಯೇ ಬಿಟ್ಟು, ಮನೆಯಲ್ಲಿ ಏನು ತೊಂದರೆ, ಯಾವ ಯೋಚನೆ ಕಾಡುತ್ತಿದೆ ಎಂದು ಕೇಳಲು ಹೊರಡುತ್ತಿದ್ದೆ. ನಮ್ಮ ತರಬೇತಿಯೆಲ್ಲ ಇಂಗ್ಲಿಷಿನಲ್ಲಿ ನಡೆದದ್ದರಿಂದ, ಎದುರಿಗೆ ಕುಳಿತವರು "ಎದೆ ಭಾರ" ಎಂದರೆ ನಾನು ನೋಟ್‌ಬುಕ್ಕಿನಲ್ಲಿ ಡಿಪ್ರೆಷನ್ ಎಂದೂ "ಕೈಕಾಲು ಬಿಟ್ಟುಹೋದ ಹಾಗಾಯಿತು" ಎಂದರೆ ಆ್ಯಂಗ್ಸೈಟಿ ಎಂದೂ ಬರೆದುಕೊಂಡು ಮುಂದೆ ಹೋಗುತ್ತಿದ್ದೆ. ಆದರೆ ಕನ್ನಡದಲ್ಲಿ ಭಾವನೆಗಳಿಗೆ ವಿಳಾಸ ಇರುವುದೇ ಮೈಯಲ್ಲಿ. ಅಸೂಯೆ ಹೊಟ್ಟೆಯಲ್ಲಿ ಉರಿಯುತ್ತದೆ, ಮರುಕ ಕರುಳಿನಲ್ಲಿ ಚುರುಕ್ಕೆನ್ನುತ್ತದೆ, ಹೇಳಲಾಗದ ಮಾತನ್ನು ನಾವು ನುಂಗಿಕೊಳ್ಳುತ್ತೇವೆ. ಇದನ್ನು ಕೇವಲ ಅಲಂಕಾರವೆಂದೋ, ಓದದವರ ಮಾತೆಂದೋ ತಳ್ಳಿಹಾಕುವವರು ನಮ್ಮ ಕ್ಷೇತ್ರದಲ್ಲಿ ಈಗಲೂ ಇದ್ದಾರೆ. ಬೆಂಗಳೂರಿನ ಹೊರರೋಗಿಗಳನ್ನು ಸಂದರ್ಶಿಸಿ ಆರ್. ರಘುರಾಮ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಿನ್ನತೆಯ ಲಕ್ಷಣಗಳು ತೀವ್ರವಾದಷ್ಟೂ ಕಳಂಕದ ಭಾವ ಹೆಚ್ಚಾಗಿಯೂ ದೈಹಿಕ ಲಕ್ಷಣಗಳು ಹೆಚ್ಚಾದಷ್ಟೂ ಅದು ಕಡಿಮೆಯಾಗಿಯೂ ಕಂಡಿತ್ತು. ತಲೆನೋವೆಂದರೆ ಮನೆಯವರು ಹಣೆಗೆ ಅಮೃತಾಂಜನ ಹಚ್ಚುತ್ತಾರೆ. ಬೇಸರವೆಂದರೆ "ನಿನಗೇನು ಕಡಿಮೆಯಾಗಿದೆ" ಎಂದು ಕೇಳುತ್ತಾರೆ. ಹಾಗಿರುವಾಗ ಮೈಯ ಮಾತನ್ನು ಬದಿಗೊತ್ತುವುದೆಂದರೆ, ಬಂದವರು ತೆರೆದಿಟ್ಟ ಒಂದೇ ಬಾಗಿಲನ್ನು ನಾವೇ ಮುಚ್ಚಿದಂತೆ.

ದೇಹವನ್ನು ಮನಶ್ಚಿಕಿತ್ಸೆಯೊಳಗೆ ತಂದವರಲ್ಲಿ ಮೊದಲಿಗೆ ಹೆಸರು ಬರುವುದು ಫ್ರಾಯ್ಡನ ಬಳಗದಲ್ಲಿದ್ದ ವಿಲ್ಹೆಲ್ಮ್ ರೈಖ್‌ನದು. ಅದುಮಿಟ್ಟ ಭಾವನೆ ಸ್ನಾಯುಗಳಲ್ಲಿ ಕವಚದಂತೆ ಬಿಗಿದುಕೊಳ್ಳುತ್ತದೆ ಎಂಬ ಅವನ ಗ್ರಹಿಕೆ ನನಗೆ ಇಂದಿಗೂ ಉಪಯೋಗಕ್ಕೆ ಬರುತ್ತದೆ. ಆರ್ಗೋನ್ ಎಂಬ ವಿಶ್ವಶಕ್ತಿಯ ಬಗ್ಗೆ ಅವನು ಕೊನೆಗಾಲದಲ್ಲಿ ಹೇಳಿದ್ದು ವಿಜ್ಞಾನವಲ್ಲ. ನಾನು ಹೆಚ್ಚಾಗಿ ಅನುಸರಿಸುವುದು ಪೀಟರ್ ಲೆವಿನ್ ರೂಪಿಸಿದ, ಮೈಯೊಳಗಿನ ಸಂವೇದನೆಗಳನ್ನು ಗಮನಿಸುತ್ತ ಆಘಾತದಿಂದ ಹೊರಬರಲು ನೆರವಾಗುವ ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್ ಪದ್ಧತಿಯನ್ನು. ಅದರಲ್ಲಿ ಟೈಟ್ರೇಷನ್ ಎಂಬ ಮಾತು ಬರುತ್ತದೆ. ಪಿಯುಸಿ ಪ್ರಯೋಗಾಲಯದಲ್ಲಿ ಬ್ಯುರೆಟ್ಟಿನಿಂದ ಆಮ್ಲವನ್ನು ತೊಟ್ಟು ತೊಟ್ಟಾಗಿ ಬಿಟ್ಟವರಿಗೆಲ್ಲ ಅದರ ಅರ್ಥ ಗೊತ್ತು: ಒಮ್ಮೆಲೇ ಸುರಿದರೆ ಪ್ರಯೋಗ ಕೆಡುತ್ತದೆ. ನೋವಿನ ನೆನಪನ್ನೂ ಹಾಗೆಯೇ ತಾಳಿಕೊಳ್ಳುವಷ್ಟೇ ಪ್ರಮಾಣದಲ್ಲಿ ತೆಗೆಯಬೇಕು.

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಹೊರವರ್ತುಲ ರಸ್ತೆಯ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಯುವಕನೊಬ್ಬ, ಮ್ಯಾನೇಜರನ ಕರೆ ಬಂದರೆ ಎದೆ ಹಿಡಿದುಕೊಳ್ಳುತ್ತದೆ ಎಂದು ಬಂದಿದ್ದ. ಮೊದಲ ಭೇಟಿಯಲ್ಲೇ ನಾನು ಅವನಿಗೆ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರಾಡಲು ಹೇಳಿದೆ. ಎರಡು ನಿಮಿಷದಲ್ಲಿ ಅವನ ಬೆರಳುಗಳು ಜುಮುಗುಟ್ಟಿ, ತಲೆ ಸುತ್ತಿ, ಅವನು ಕುರ್ಚಿಯಿಂದ ಎದ್ದು ಬಾಗಿಲ ಕಡೆಗೆ ನಡೆದುಬಿಟ್ಟ. ಹೆದರಿದವನಿಗೆ ಆಳವಾಗಿ ಉಸಿರೆಳೆಯಲು ಹೇಳಿದರೆ ಅವನು ಅಗತ್ಯಕ್ಕಿಂತ ಹೆಚ್ಚು ಗಾಳಿ ಎಳೆಯುತ್ತಾನೆ, ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಇಳಿಯುತ್ತದೆ, ಆ ಜುಮುಗುಡುವಿಕೆಯೇ ಅವನಿಗೆ ಹೃದಯಾಘಾತದಂತೆ ತೋರುತ್ತದೆ. ಕಣ್ಣು ಮುಚ್ಚಿಸಿದ್ದು ಇನ್ನೊಂದು ತಪ್ಪು; ಬಾಲ್ಯದಲ್ಲಿ ಪೆಟ್ಟು ತಿಂದು ಬೆಳೆದವನಿಗೆ ಕತ್ತಲು ವಿಶ್ರಾಂತಿಯಲ್ಲ. ಅವನು ಮತ್ತೆ ಬರಲಿಲ್ಲ.

ಈಗ ನಾನು ಯಾರ ಕಣ್ಣನ್ನೂ ಮುಚ್ಚಿಸುವುದಿಲ್ಲ. ಕುರ್ಚಿಗಳನ್ನು ಎದುರುಬದುರಾಗಿ ಇಡದೆ ಸ್ವಲ್ಪ ಓರೆಯಾಗಿ, ಬಂದವರಿಗೆ ಬಾಗಿಲು ಕಾಣುವಂತೆ ಇಡುತ್ತೇನೆ. ಮುಟ್ಟಿ ಮಾಡುವ ಪದ್ಧತಿಗಳೂ ಇವೆ. ನಾನು ಮುಟ್ಟುವುದಿಲ್ಲ, ಆ ಮಾತನ್ನು ಮೊದಲ ದಿನವೇ ಹೇಳುತ್ತೇನೆ. ಕೊಠಡಿಯನ್ನು ಒಮ್ಮೆ ಸುತ್ತಲೂ ನೋಡಿ, ಕಣ್ಣಿಗೆ ಹಿತವಾದ ಯಾವುದಾದರೂ ವಸ್ತುವಿನ ಮೇಲೆ ನಿಲ್ಲಿ ಎನ್ನುತ್ತೇನೆ. ಕಿಟಕಿಯಾಚೆಯ ಹೊಂಗೆ ಮರವೇ ಹೆಚ್ಚಿನವರಿಗೆ ಸಾಕಾಗುತ್ತದೆ. ಆಮೇಲೆ ನಾನು ಕೇಳುವ ಪ್ರಶ್ನೆ "ಹೇಗನ್ನಿಸುತ್ತಿದೆ" ಎಂಬುದಲ್ಲ, ಅದಕ್ಕೆ "ಪರವಾಗಿಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. "ಎಲ್ಲಿ?" ಎಂದು ಕೇಳುತ್ತೇನೆ. ಬಿಸಿಯೋ ತಣ್ಣಗೋ, ಬಿಗಿಯೋ ಸಡಿಲವೋ, ನಿಂತಿದೆಯೋ ಸರಿಯುತ್ತಿದೆಯೋ? ಇಂಥ ಪ್ರಶ್ನೆಗೆ ಓದಿದವರಿಗಿಂತ ಓದದವರು ಬೇಗ ಉತ್ತರಿಸುತ್ತಾರೆ ಎಂಬುದು ನನ್ನ ಅನುಭವ. ಸಾಫ್ಟ್‌ವೇರ್ ಎಂಜಿನಿಯರುಗಳಿಗೆ ಕುತ್ತಿಗೆಯಿಂದ ಕೆಳಗೆ ಇಳಿಯಲು ಮೂರು ವಾರ ಹಿಡಿಯುತ್ತದೆ.

ಗಂಟಲಿನ ಮಹಿಳೆಯೊಂದಿಗೆ ನಾನು ಗಂಟಲಿನಿಂದ ಶುರುಮಾಡಲಿಲ್ಲ. ಮೈಯಲ್ಲಿ ಎಲ್ಲಿ ತೊಂದರೆಯಿಲ್ಲ ಎಂದು ಕೇಳಿದಾಗ ಅವರು ಬಹಳ ಹೊತ್ತು ಹುಡುಕಿ, "ಅಂಗೈ ಬೆಚ್ಚಗಿದೆ" ಎಂದರು. ಅಲ್ಲಿಂದ ಮುಂದೆ ನಾಲ್ಕೈದು ವಾರ ನಾವು ಮಾಡಿದ ಕೆಲಸ ಇಷ್ಟೇ: ಗಮನವನ್ನು ಅರ್ಧ ನಿಮಿಷ ಗಂಟಲಿಗೆ ತರುವುದು, ಬಿಗಿ ಏರತೊಡಗಿದ ಕೂಡಲೇ ಅಂಗೈಗೆ ಮರಳುವುದು, ಗಡಿಯಾರದ ಲೋಲಕದಂತೆ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. "ಇದಕ್ಕೆ ದುಡ್ಡು ಕೊಡಬೇಕಾ ಮೇಡಂ" ಎಂದು ಒಮ್ಮೆ ನಕ್ಕರು. ಆರನೆಯ ಭೇಟಿಯಲ್ಲಿ, ಊರಿನ ಆಸ್ತಿಯ ವಿಷಯ ಹೀಗೇ ಮಾತಿಗೆ ಬಂದಾಗ, ಅವರ ಗದ್ದ ಎದೆಯ ಕಡೆಗೆ ತಗ್ಗಿದ್ದನ್ನೂ ಬಲಗೈ ಮುಷ್ಟಿಯಾದದ್ದನ್ನೂ ನಾನು ಕಂಡೆ. ಆ ಚಲನೆಯನ್ನು ಇನ್ನೂ ನಿಧಾನವಾಗಿ, ಬೇಕೆಂದೇ ಮಾಡಿ ನೋಡಿ ಎಂದೆ. ತಂದೆ ತೀರಿಕೊಂಡ ತಿಂಗಳೊಳಗೆ ಅಣ್ಣ ಅವರನ್ನು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿದ್ದನಂತೆ. "ಎಲ್ಲರೂ ಇದ್ರು, ನುಂಗಿಕೊಂಡೆ" ಎಂದವರೇ, ತಾವು ಆಡಿದ ಶಬ್ದವನ್ನು ತಾವೇ ಕೇಳಿಸಿಕೊಂಡು ಸುಮ್ಮನಾದರು. ನಾನು ವಿವರಿಸಲು ಹೋಗಲಿಲ್ಲ. ಅವರ ಹೆಗಲು ಸಣ್ಣಗೆ ನಡುಗಿತು, ಎರಡು ಸಲ ಆಕಳಿಸಿದರು, ಕಣ್ಣು ತುಂಬಿತು. ಸಿನಿಮಾದಲ್ಲಿ ತೋರಿಸುವಂಥ ಗೋಳಾಟವೇನೂ ಆಗಲಿಲ್ಲ. ಆಗಿದ್ದರೆ ನಾನು ತಡೆದು ಅಂಗೈಗೆ ಕರೆತರುತ್ತಿದ್ದೆ.

ಇದು ಏಕೆ ಕೆಲಸ ಮಾಡುತ್ತದೆ ಎಂಬುದಕ್ಕೆ ಕೆಲವು ಗಟ್ಟಿ ಸಂಗತಿಗಳಿವೆ. ಮೆದುಳಿನಿಂದ ಎದೆ, ಹೊಟ್ಟೆಯ ಅಂಗಗಳವರೆಗೆ ಹರಡಿರುವ ವೇಗಸ್ ನರದ ತಂತುಗಳಲ್ಲಿ ಸುಮಾರು 80 ಪ್ರತಿಶತ, ಸುದ್ದಿಯನ್ನು ಒಳಾಂಗಗಳಿಂದ ಮೆದುಳಿನ ಕಡೆಗೆ ಒಯ್ಯುವಂಥವು. ಉಸಿರು ಎಳೆದಾಗ ಹೃದಯದ ಬಡಿತ ತುಸು ಏರಿ, ಬಿಟ್ಟಾಗ ಇಳಿಯುತ್ತದೆ. ಆದ್ದರಿಂದಲೇ ನಾನು ಉಸಿರೆಳೆಯುವುದರ ಬಗ್ಗೆ ಮಾತಾಡದೆ ಬಿಡುವುದನ್ನು ಮಾತ್ರ ಉದ್ದವಾಗಿಸಲು ಹೇಳುತ್ತೇನೆ. ಆದರೆ ನಮ್ಮವರಲ್ಲಿ ಜನಪ್ರಿಯವಾಗಿರುವ, ಹೆದರಿಕೆ ಮತ್ತು ನೆಮ್ಮದಿಯ ಸ್ಥಿತಿಗಳನ್ನು ವೇಗಸ್ ನರದ ಶಾಖೆಗಳ ಮೂಲಕ ವಿವರಿಸುವ ಪಾಲಿವೇಗಲ್ ಸಿದ್ಧಾಂತದ ಶರೀರಶಾಸ್ತ್ರವನ್ನು ಅನೇಕ ವಿಜ್ಞಾನಿಗಳು ಒಪ್ಪಿಲ್ಲ, ಹಾಗಾಗಿ ಅದನ್ನು ನಾನು ಕ್ಲೈಂಟ್‌ಗಳಿಗೆ ಸತ್ಯವೆಂಬಂತೆ ಹೇಳುವುದಿಲ್ಲ. ಲೆವಿನ್ ಪದ್ಧತಿಯ ಕುರಿತು ಇಸ್ರೇಲಿನಲ್ಲಿ 63 ಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆಘಾತೋತ್ತರ ಲಕ್ಷಣಗಳು ಇಳಿದದ್ದು ನಿಜ, ಆದರೆ 63 ಚಿಕ್ಕ ಸಂಖ್ಯೆ. ಆಘಾತೋತ್ತರ ಒತ್ತಡದ ಕಾಯಿಲೆಗೆ ಅರಿವು-ವರ್ತನಾ ಚಿಕಿತ್ಸೆ ಮತ್ತು ಕಣ್ಣನ್ನು ಅತ್ತಿಂದಿತ್ತ ಚಲಿಸುತ್ತ ನೋವಿನ ನೆನಪನ್ನು ಎದುರಿಸುವ ಇಎಂಡಿಆರ್‌ಗೆ ಇರುವಷ್ಟು ಪುರಾವೆ ಇದಕ್ಕೆ ಇನ್ನೂ ಇಲ್ಲ.

ಬನಶಂಕರಿಯ ಕಡೆಯ ಯುವತಿಯೊಬ್ಬಳಿಗೆ ಟೆಂಪೊ ಬಡಿದ ಮೇಲೆ ಸ್ಕೂಟರ್ ಮುಟ್ಟಲಾಗುತ್ತಿರಲಿಲ್ಲ. ಹಾರ್ನ್ ಕೇಳಿದರೆ ಅವಳ ಎರಡೂ ಕೈಗಳು ಬ್ರೇಕ್ ಹಿಡಿಯುವಂತೆ ಮಡಚಿಕೊಳ್ಳುತ್ತಿದ್ದವು. ಆ ಕ್ಷಣದಲ್ಲಿ ಪೂರೈಸದೆ ಉಳಿದ ಆ ಹಿಡಿತವನ್ನು, ದೇಹವನ್ನು ಎಡಕ್ಕೆ ವಾಲಿಸುವ ಚಲನೆಯನ್ನು, ನಾವು ಕುರ್ಚಿಯಲ್ಲೇ ಬಹಳ ನಿಧಾನವಾಗಿ ಮುಗಿಸಿದೆವು. ನಂತರ ಅವಳು ತಮ್ಮನ ಹಿಂದೆ ಕುಳಿತಳು, ಭಾನುವಾರದ ಬೆಳಗ್ಗೆ ಖಾಲಿ ರಸ್ತೆಯಲ್ಲಿ ತಾನೇ ಓಡಿಸಿದಳು. ಇದರಲ್ಲಿ ಕುರ್ಚಿಯ ಕೆಲಸದ ಪಾಲೆಷ್ಟು, ಹೆದರಿಕೆಯನ್ನು ಹಂತಹಂತವಾಗಿ ಎದುರಿಸಿದ್ದರ ಪಾಲೆಷ್ಟು ಎಂದು ಕೇಳಿದರೆ, ಎರಡನೆಯದೇ ದೊಡ್ಡದಿರಬಹುದು ಎನ್ನುತ್ತೇನೆ. ಮೊದಲನೆಯದು ಅವಳನ್ನು ಸ್ಕೂಟರಿನವರೆಗೆ ನಡೆಸಿತು.

ಎದೆನೋವು, ತೂಕ ಇಳಿಯುವುದು, ತಲೆಸುತ್ತು ಇದ್ದವರನ್ನು ವೈದ್ಯರ ಪರೀಕ್ಷೆ ಮುಗಿಯುವವರೆಗೆ ನಾನು ಸೇರಿಸಿಕೊಳ್ಳುವುದಿಲ್ಲ. ಇಲ್ಲದ ದನಿಗಳನ್ನು ಕೇಳುವವರಿಗೆ, ಸಾಯುವ ಯೋಚನೆ ಬಲವಾಗಿರುವವರಿಗೆ ಈ ಪದ್ಧತಿ ಮೊದಲ ಹೆಜ್ಜೆಯಲ್ಲ. ಅವರನ್ನು ಮನೋವೈದ್ಯರ ಬಳಿಗೆ ಕಳುಹಿಸುತ್ತೇನೆ, ರಾತ್ರಿಯ ಹೊತ್ತಿಗೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಡುತ್ತೇನೆ. ನಗರದಲ್ಲಿ ಎರಡು ದಿನದ ಶಿಬಿರ ನಡೆಸಿ, ಗುಂಪಿನ ನಡುವೆ ಕೂಗಿಸಿ, ಉಸಿರು ಬಿಗಿಸಿ "ಟ್ರಾಮಾ ಹೊರಹಾಕುತ್ತೇವೆ" ಎನ್ನುವವರಿದ್ದಾರೆ. ಅಂಥ ಶಿಬಿರದ ಮರುವಾರ ನಿದ್ದೆಗೆಟ್ಟು ನನ್ನಲ್ಲಿಗೆ ಬಂದವರನ್ನು ಕಂಡಿದ್ದೇನೆ. ಅವರನ್ನು ನೆಲದ ಮೇಲೆ ಮತ್ತೆ ಕಾಲೂರಿಸಲು ತಿಂಗಳುಗಳೇ ಬೇಕಾದವು.

ಗಂಟಲಿನ ಮಹಿಳೆ ಹದಿನಾಲ್ಕನೆಯ ಭೇಟಿಯ ಹೊತ್ತಿಗೆ ಅಣ್ಣನಿಗೆ ಫೋನ್ ಮಾಡಿದ್ದರು. ಪತ್ರ ರದ್ದಾಗಬೇಕೆಂದು ಕೇಳಲಿಲ್ಲವಂತೆ. ಅಂದು ಕೇಳದೆ ಸಹಿ ಹಾಕಿಸಿದ್ದು ತಪ್ಪು ಎಂದಷ್ಟೇ ಹೇಳಿದರಂತೆ. ಅಣ್ಣ ಫೋನ್ ಇಟ್ಟ, ಆ ವರ್ಷ ಗೌರಿ ಹಬ್ಬಕ್ಕೆ ಬಾಗಿನ ಬರಲಿಲ್ಲ. ಅದನ್ನು ಹೇಳುವಾಗ ಅವರು ಅತ್ತರು, ಗಂಟಲು ಹೇಗಿದೆ ಎಂದು ನಾನು ಕೇಳಿದೆ. ಒಮ್ಮೆ ಉಗುಳು ನುಂಗಿ ನೋಡಿ, "ಈಗ ಕಡಲೆಕಾಳಿನಷ್ಟಿದೆ" ಎಂದರು.