ಶಾಲೆಗೆ ಕಲ್ಲು ಹೊತ್ಕೊಂಡು ಹೋಗೋ ಕೆಲಸ: ಕೊಡಗಲ್ಲಿ ನನ್ನ ಅನುಭವ

ನಾನು ಭೂವಿಜ್ಞಾನ ಓದಿ ಅದರಲ್ಲೇ ಕೆಲಸ ಮಾಡಿದವನು. ಈಗ ಮಡಿಕೇರಿ ಸುತ್ತಮುತ್ತ ಸರ್ಕಾರಿ ಶಾಲೆಗಳಿಗೆ ಹೋಗಿ ಮಕ್ಕಳ ಜೊತೆ ಕಲ್ಲು, ಮಣ್ಣು, ಗುಡ್ಡದ ಬಗ್ಗೆ ಮಾತಾಡ್ತೀನಿ, ದುಡ್ಡು ತಗೊಳ್ಳಲ್ಲ. ನಮಗೂ ಮಾಡ್ಬೇಕು ಅನ್ಸತ್ತೆ, ಹೇಗೆ ಶುರು ಮಾಡೋದು ಅಂತ ಇದೇ ಫೀಲ್ಡಿನ ಕೆಲವರು ಕೇಳ್ತಿರ್ತಾರೆ, ಅವರಿಗೋಸ್ಕರ ಇದು.

ಮೊದಲು ಹೆಡ್‌ಮಾಸ್ಟರ್ ಹತ್ರ ನೇರ ಹೋಗಿ ಮಾತಾಡಿ. ನವೆಂಬರ್, ಡಿಸೆಂಬರ್ ಒಳ್ಳೇ ಟೈಮು, ಮಳೆಗಾಲದಲ್ಲಿ ಯಾವಾಗ ರಜೆ ಕೊಡ್ತಾರೆ ಹೇಳಕ್ಕಾಗಲ್ಲ, ಫೆಬ್ರವರಿ ಆದ್ಮೇಲೆ ಪರೀಕ್ಷೆ ಗಡಿಬಿಡಿ. ಪ್ರೊಜೆಕ್ಟರ್, ಸ್ಲೈಡು ಬೇಡ, ಕರೆಂಟ್ ನಂಬೋ ಹಾಗಿಲ್ಲ, ಇದ್ರೂ ಕೈಗೆ ಸಿಗೋ ಕಲ್ಲಿನ ಮುಂದೆ ಪರದೆ ಮೇಲಿನ ಚಿತ್ರ ನಿಲ್ಲಲ್ಲ.

ಹಿಂದಿನ ದಿನವೇ ಟೀಚರ್‌ಗೆ ಹೇಳಿ ಮಕ್ಕಳಿಂದ ಮನೆ ಹತ್ರದ್ದು ಒಂದೊಂದು ಕಲ್ಲು ತರಿಸ್ತೀನಿ. ತೋಟದ್ದು, ಹೊಳೇದು, ರಸ್ತೆ ಪಕ್ಕದ ಜಲ್ಲಿ, ಎಲ್ಲಾ ಬರುತ್ತೆ. ಮಕ್ಕಳನ್ನ ದೂರ ನಿಲ್ಸಿ, ಕಣ್ಣಿಗೆ ಕನ್ನಡಕ ಹಾಕ್ಕೊಂಡು ಸುತ್ತಿಗೇಲಿ ಒಂದು ಒಡೀತೀನಿ. ಮೇಲೆ ಕಂದು ಸಿಪ್ಪೆ, ಒಳಗೆ ಎಣ್ಣೆ ಹಚ್ಚಿದಂಗೆ ಹೊಳೆಯೋ ಕಪ್ಪು ಹಸಿರು ಬಂದ್ರೆ ಅದು ಹೆಚ್ಚಾಗಿ ಚಾರ್ನೊಕೈಟ್, ಅಂದ್ರೆ ನೆಲದ ಆಳದಲ್ಲಿ ಭಾರೀ ಬಿಸೀಲಿ ಆದ ಗಟ್ಟಿ ಕಲ್ಲು. ಆ ಸಿಪ್ಪೆನೇ ಕೊನೆಗೆ ನಮ್ಮ ತೋಟದ ಕೆಂಪು ಮಣ್ಣಾಗೋದು ಅಂದಾಗ ಇಡೀ ಕ್ಲಾಸು ಮುಂದಕ್ಕೆ ಬಾಗುತ್ತೆ. ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ ಎಲ್ಲಾ ಪಾಠದಲ್ಲಿ ಇದ್ದೇ ಇರುತ್ತೆ, ಅದನ್ನ ಆಮೇಲೆ ಹೇಳಿದ್ರೂ ನಡಿಯುತ್ತೆ.

ವಯಸ್ಸು ತೋರಿಸೋಕೆ ಹಗ್ಗ. 46 ಮೀಟರ್ ಹಗ್ಗ ಮೈದಾನದಲ್ಲಿ ಎಳೆದ್ರೆ ಒಂದು ಮೀಟರ್‌ಗೆ 10 ಕೋಟಿ ವರ್ಷ, ಪೂರ್ತಿ ಹಗ್ಗ ಭೂಮಿ ವಯಸ್ಸು. ಇವತ್ತಿನ ತುದಿಯಿಂದ ಹಿಂದಕ್ಕೆ ನಡೆಸ್ತೀನಿ: ಮನುಷ್ಯ ಹುಟ್ಟಿದ್ದು 3 ಮಿಲಿಮೀಟರ್ ಹಿಂದೆ, ಡೈನೋಸಾರ್ ಹೋಗಿದ್ದು 66 ಸೆಂಟಿಮೀಟರ್, ಮಡಗಾಸ್ಕರ್ ನಮ್ಮಿಂದ ಬಿಟ್ಟು ಹೋಗಿದ್ದು ಒಂದು ಮೀಟರ್‌ಗಿಂತ ಸ್ವಲ್ಪ ಈಚೆ. ಕೊಡಗಿನ ಹಳೇ ಕಲ್ಲುಗಳಿಗೆ 30 ಮೀಟರ್ ದಾಟಿ ಹೋಗ್ಬೇಕು, ಅಷ್ಟು ದೂರ ನಡೆದ ಮಗು 300 ಕೋಟಿ ಅನ್ನೋದನ್ನ ಕಾಲಲ್ಲೇ ತಿಳ್ಕೊಳ್ಳುತ್ತೆ.

ಆದ್ರೆ ಕೊಡಗಲ್ಲಿ ಎಲ್ಲಿಂದ ಶುರು ಮಾಡಿದ್ರೂ ಮಕ್ಕಳು ಬಂದು ನಿಲ್ಲೋದು ಬರೆ (ಗುಡ್ಡದ ಕಡಿದಾದ ಮಣ್ಣಿನ ಇಳಿಜಾರು) ಕುಸಿತದ ಹತ್ರನೇ. 2018ರ ಆಗಸ್ಟಲ್ಲಿ ಮಕ್ಕಂದೂರು, ಹೆಬ್ಬೆಟ್ಟಗೇರಿ, ಜೋಡುಪಾಲ, ಮರುವರ್ಷ ತೋರ ಗ್ರಾಮ, 2020ರಲ್ಲಿ ತಲಕಾವೇರಿ ಬೆಟ್ಟ, ಇದೆಲ್ಲ ಅವರ ಮನೆ ಮಾತು. ಅದಕ್ಕೇ ಯಾವ ಮಗುವಿನ ಮನೇಲಿ ಏನಾಗಿದೆ ಅಂತ ಟೀಚರ್ ಹತ್ರ ಮೊದಲೇ ಕೇಳ್ಕೋಬೇಕು, ದುರಂತದ ಫೋಟೋ ಮಾತ್ರ ತೋರಿಸ್ಲೇಬಾರ್ದು, ಇದು ನನ್ನ ಗಟ್ಟಿ ಅಭಿಪ್ರಾಯ.

ತೋರಿಸೋಕೆ ಎರಡು ಟ್ರೇ ಸಾಕು. ಎರಡರಲ್ಲೂ ಒಂದೇ ಮಣ್ಣು, ಒಂದೇ ಇಳಿಜಾರು. ಒಂದರ ಬುಡವನ್ನ ಸ್ಕೇಲಲ್ಲಿ ನೆಟ್ಟಗೆ ಕತ್ತರಿಸ್ತೀನಿ, ರಸ್ತೆಗೋ ಮನೆಗೋ ಗುಡ್ಡ ಅಗೀತಾರಲ್ಲ ಹಾಗೆ, ಆಮೇಲೆ ಎರಡಕ್ಕೂ ಮಕ್ಕಳ ಕೈಯಿಂದಲೇ ನೀರು ಚಿಮುಕಿಸೋದು. ಕತ್ತರಿಸಿದ್ದು ಮೊದಲು ಜಾರುತ್ತೆ. ಆಗ ಹೇಳ್ತೀನಿ, ನಮ್ಮ ಗುಡ್ಡದಲ್ಲಿ ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಮೆತ್ತಗಿನ ಜೇಡಿ, ಅದರ ಕೆಳಗೆ ಬಂಡೆ, ದಿನಗಟ್ಟಲೆ ಮಳೆ ಹೊಯ್ದಾಗ ಇಳಿದ ನೀರು ಹೊರಗೆ ಹೋಗೋಕೆ ದಾರಿ ಸಿಗದೆ ಒಳಗೇ ತುಂಬಿ, ಮಣ್ಣಿನ ಕಣಗಳು ಒಂದನ್ನೊಂದು ಹಿಡ್ಕೊಂಡಿರೋ ಬಿಗಿಯನ್ನ ಸಡಿಲ ಮಾಡುತ್ತೆ, ಬುಡದ ಆಸರೆನೂ ಇಲ್ಲದಿದ್ರೆ ಪೂರ್ತಿ ಜಾರುತ್ತೆ ಅಂತ.

"ಸರ್, ನಮ್ಮ ಮನೆ ಹಿಂದಿನ ಬರೆ ಬೀಳುತ್ತಾ?" ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಬೀಳಲ್ಲ ಅಂತ ಸುಳ್ಳು ಹೇಳಲ್ಲ, ಹೆದರಿಸೋದೂ ಇಲ್ಲ. ಏನು ನೋಡ್ಬೇಕು ಅಂತ ಹೇಳ್ಕೊಡ್ತೀನಿ: ಗುಡ್ಡದ ಮೇಲೆ ಹೊಸ ಬಿರುಕು, ಮರ ಅಥವಾ ಕರೆಂಟ್ ಕಂಬ ವಾಲೋದು, ಬಾಗಿಲು ಇದ್ದಕ್ಕಿದ್ದಂಗೆ ಬಿಗಿಯಾಗೋದು, ನೀರಿಲ್ಲದ ಕಡೆ ಒರತೆ, ತಿಳಿ ತೋಡು (ಸಣ್ಣ ಹಳ್ಳ) ಕೆಸರಾಗೋದು, ಜೋರು ಮಳೇಲೂ ತೋಡಿನ ನೀರು ತಟ್ಟಂತ ಕಮ್ಮಿ ಆಗೋದು. ಇಂಥದ್ದು ಕಂಡ್ರೆ ಸಾಮಾನು ಕಟ್ಟೋಕೆ ನಿಲ್ಬೇಡಿ, ದೊಡ್ಡವರನ್ನ ಕರ್ಕೊಂಡು ಪಕ್ಕಕ್ಕೆ, ಗಟ್ಟಿ ಜಾಗಕ್ಕೆ ಹೋಗಿ, ತೋಡಿನ ದಾರೀಲಿ ಇಳೀಬೇಡಿ. ಇದನ್ನ ಮಕ್ಕಳ ಬಾಯಿಂದ ಎರಡು ಸಲ ಹೇಳಿಸಿಯೇ ಮುಂದೆ ಹೋಗೋದು.

2022ರಲ್ಲಿ ಚೆಂಬು, ಸಂಪಾಜೆ ಕಡೆ ಆದ ಕಂಪನದ ಬಗ್ಗೆನೂ ಕೇಳ್ತಾರೆ. ಭಾರತವನ್ನ ಹೊತ್ತಿರೋ ಭೂಫಲಕ, ಅಂದ್ರೆ ಭೂಮಿಯ ಹೊರಪದರದ ದೊಡ್ಡ ತುಂಡು, ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ತಳ್ತಾ ಇದೆ, ಆ ಒತ್ತಡಕ್ಕೆ ಹಳೇ ಬಿರುಕುಗಳು ಆಗಾಗ ಸ್ವಲ್ಪ ಜರುಗ್ತವೆ ಅಂತ ಹೇಳಿ ಮುಗಿಸ್ತೀನಿ.

ಹೊರಡುವಾಗ ಕನ್ನಡದಲ್ಲಿ ಚೀಟಿ ಅಂಟಿಸಿದ ಕಲ್ಲಿನ ಡಬ್ಬಿ ಶಾಲೆಗೇ ಬಿಟ್ಟು ಬರ್ತೀನಿ, ಜೊತೆಗೆ ಒಂದು ಮಳೆ ಮಾಪಕ. ಇಲ್ಲಿ ತೋಟದವರ ಮನೇಲಿ ಮಳೆ ಇಂಚಲ್ಲಿ ಬರೆದಿಡೋ ಪುಸ್ತಕ ಇರೋದು ಹೊಸದೇನಲ್ಲ, ತೋಟದ ಕೆಲಸದವರ ಲೈನ್ ಮನೆ ಮಕ್ಕಳಿಗೂ ಆ ಅಭ್ಯಾಸ ಬರ್ಲಿ ಅಂತ ಆಸೆ. ಒಂದು ಶಾಲೇಲಿ ಏಳನೇ ಕ್ಲಾಸಿನವರು ದಿನಾ ಬೆಳಿಗ್ಗೆ ಅಳತೆ ನೋಡಿ ಪ್ರಾರ್ಥನೆ ಹೊತ್ತಲ್ಲಿ ಓದ್ತಾರೆ, ಅಳತೆ ಜಾಸ್ತಿ ಬಂದ ದಿನ ಟೀಚರ್ ನಂಗೆ ಫೋನ್ ಮಾಡ್ತಾರೆ.